ಹಳ್ಳಿಯಾಗಿಯೇ ಉಳಿಯಲು ನಗರವಾದ ಊರು: ಸಾರಾಟೋಗದ ಪ್ರಕರಣ

ಕ್ಯಾಲಿಫೋರ್ನಿಯಾದ ಸಾರಾಟೋಗದಲ್ಲಿ ಈಗ ಸಾಧಾರಣ ಮನೆಯೊಂದರ ಬೆಲೆ ಮೂವತ್ತು ಲಕ್ಷ ಡಾಲರಿಗೂ ಮೇಲೆ. ನಮ್ಮ ಲೆಕ್ಕಕ್ಕೆ ಇಪ್ಪತ್ತೈದು ಕೋಟಿ ರೂಪಾಯಿಯ ಆಸುಪಾಸು. ಅಷ್ಟು ಹಣ ಕೊಟ್ಟವರಿಗೆ ಎಷ್ಟೋ ಸಲ ಸಿಗುವುದು 1960ರ ದಶಕದಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮರದ ಮನೆ. ಕೊಂಡವರಲ್ಲಿ ಹಲವರು ಅದನ್ನು ಮೊದಲು ಕೆಡವುತ್ತಾರೆ. ಬೆಲೆ ಇರುವುದು ನೆಲಕ್ಕೆ. ಆ ನೆಲಕ್ಕೆ ಬೆಲೆ ಬಂದಿರುವುದು ಅದರ ಮೇಲೆ ಹೆಚ್ಚು ಮನೆ ಕಟ್ಟಬಾರದೆಂಬ ನಿಯಮದಿಂದ.

ಸಾಂತಾ ಕ್ಲಾರಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಪಶ್ಚಿಮ ಭಾಗದಲ್ಲಿ, ಸಾಂತಾ ಕ್ರೂಜ್ ಬೆಟ್ಟಗಳ ಬುಡದಲ್ಲಿರುವ ಈ ಊರಿನ ವಿಸ್ತೀರ್ಣ ಸುಮಾರು 33 ಚದರ ಕಿಲೋಮೀಟರು. 2020ರ ಜನಗಣತಿಯಲ್ಲಿ ಇಲ್ಲಿದ್ದವರು 31,051 ಮಂದಿ. ಎಪ್ಪತ್ತು ವರ್ಷಗಳ ಹಿಂದೆ ಇಲ್ಲಿದ್ದದ್ದು ಪ್ರೂನ್ (ಒಣಗಿಸಿಡುವ ಒಂದು ಬಗೆಯ ಪ್ಲಮ್ ಹಣ್ಣು), ಏಪ್ರಿಕಾಟ್, ಚೆರಿ ತೋಟಗಳು, ನಡುವೆ ಒಂದು ಸಣ್ಣ ಪೇಟೆ. ತೋಟದ ಊರು ಶ್ರೀಮಂತರ ಬಡಾವಣೆಯಾಗುವುದು ಲೋಕದಲ್ಲೆಲ್ಲ ನಡೆದದ್ದೇ. ಸಾರಾಟೋಗದ ವಿಶೇಷವೆಂದರೆ ಅದು ತೋಟ ಉಳಿಸಿಕೊಳ್ಳಲೆಂದೇ, ಊರನ್ನು ಹಳ್ಳಿಯಂತೆಯೇ ಇಡೋಣ ಎಂಬ ಘೋಷಣೆ ಹಿಡಿದು, 1956ರ ಅಕ್ಟೋಬರ್ 22ರಂದು ನಗರವಾಗಿ ನೋಂದಾಯಿಸಿಕೊಂಡಿತು. ಘೋಷಣೆ ಗೆದ್ದಿತು, ತೋಟ ಹೋಯಿತು. ಇವೆರಡೂ ಒಂದೇ ಕಾರಣದಿಂದ ಆದವೆಂಬುದು ನನ್ನ ವಾದ.

ತೋಟ ಅಂದರೆ ಏನಾಗಿತ್ತು

ಊರು ಹುಟ್ಟಿದ್ದು ತೋಟದಿಂದಲ್ಲ, ಮರದ ಮಿಲ್ಲಿನಿಂದ. ಮೂಲನಿವಾಸಿಗಳಾದ ಒಹ್ಲೋನಿ ಜನರ ನೆಲವಾಗಿದ್ದ ಈ ಬೆಟ್ಟದ ತಪ್ಪಲಿಗೆ 1840ರ ದಶಕದ ಕೊನೆಯಲ್ಲಿ ಗರಗಸದ ಮಿಲ್ಲು ಬಂತು, ಹಿಂದೆಯೇ ಸುಂಕದ ರಸ್ತೆ ಬಂತು. ಹತ್ತಿರದ ಖನಿಜ ಬುಗ್ಗೆಗಳ ಕಾರಣಕ್ಕೆ 1865ರಲ್ಲಿ ನ್ಯೂಯಾರ್ಕಿನ ಸಾರಾಟೋಗ ಸ್ಪ್ರಿಂಗ್ಸ್‌ನ ಹೆಸರನ್ನೇ ಇಟ್ಟುಕೊಂಡರು. ಅಷ್ಟರಲ್ಲಿ ಫ್ರಾನ್ಸಿನ ಲೂಯಿ ಪೆಲಿಯೆ ಎಂಬವರು 1856ರಲ್ಲಿ ಪಕ್ಕದ ಸ್ಯಾನ್ ಹೋಸೆಯಲ್ಲಿ ತಮ್ಮ ದೇಶದ ಪ್ರೂನ್ ತಳಿಯನ್ನು ಕಸಿ ಕಟ್ಟಿ ಬೆಳೆಸಿದ್ದರು. ರೈಲು ಬಂದ ಮೇಲೆ ಒಣಹಣ್ಣು ದೇಶವೆಲ್ಲ ತಿರುಗತೊಡಗಿತು. ಗೋಧಿ ಬೆಳೆಯುತ್ತಿದ್ದ ದೊಡ್ಡ ಹಿಡುವಳಿಗಳು ಹತ್ತು, ಇಪ್ಪತ್ತು ಎಕರೆಯ ಹಣ್ಣಿನ ತೋಟಗಳಾದವು. ಅಷ್ಟು ಜಮೀನು ಒಂದು ಕುಟುಂಬವನ್ನು ಸಾಕುತ್ತಿತ್ತು.

ಒಂದು ಬರಗಾಲ ಕಳೆದು ಮಳೆಯಾದ ಸಂತೋಷಕ್ಕೆ 1900ರಲ್ಲಿ ಸಾರಾಟೋಗದವರು ಹೂವಿನ ಹಬ್ಬ ಶುರು ಮಾಡಿದರು. ವಸಂತದಲ್ಲಿ ಸಾಂತಾ ಕ್ಲಾರಾ ಕಣಿವೆ ತುಂಬ ಬಿಳಿ ಹೂ. 1904ರಲ್ಲಿ ವಿದ್ಯುತ್ ಟ್ರಾಮ್ ಬಂದ ಮೇಲಂತೂ ಸುತ್ತಲ ಊರುಗಳಿಂದ ಜನ ಸಾಲುಗಟ್ಟಿ ಬರುತ್ತಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಹಬ್ಬ ನಿಂತಿತು. ಇಂದು ಊರಿನವರು ನೆನೆಸಿಕೊಳ್ಳುವ ತೋಟ ಈ ಹೂವಿನ ತೋಟ, ಅಂದರೆ ನೋಡಲು ಬಂದವರು ಕಂಡ ತೋಟ.

ದುಡಿದವರು ಕಂಡ ತೋಟ ಬೇರೆ. ಏಪ್ರಿಕಾಟಿನ ಕೊಯ್ಲು ಜುಲೈಯಲ್ಲಿ. ಕೊಯ್ದ ಹಣ್ಣು ಚಪ್ಪರಕ್ಕೆ ಬಂದರೆ ಹೆಂಗಸರೂ ಮಕ್ಕಳೂ ಉದ್ದನೆಯ ಮರದ ತಟ್ಟೆಗಳ ಮುಂದೆ ನಿಂತು, ಚಿಕ್ಕ ಚೂರಿಯನ್ನು ಹಣ್ಣಿನ ಗೆರೆಯಗುಂಟ ಸುತ್ತ ಆಡಿಸಿ, ಎರಡು ಹೋಳು ಮಾಡಿ, ಓಟೆ ಕಿತ್ತೆಸೆದು, ಕೊಯ್ದ ಮುಖ ಮೇಲಾಗುವಂತೆ ಹೋಳುಗಳನ್ನು ಒತ್ತೊತ್ತಾಗಿ ಜೋಡಿಸುತ್ತಿದ್ದರು. ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ. ತುಂಬಿದ ತಟ್ಟೆಗಳನ್ನು ಗಾಳಿಯಾಡದ ಗೂಡಿನಲ್ಲಿ ಪೇರಿಸಿ ಗಂಧಕದ ಹೊಗೆ ಕೊಟ್ಟ ಮೇಲೆ ಬಯಲಿನಲ್ಲಿ ಬಿಸಿಲಿಗಿಡುತ್ತಿದ್ದರು. ಹೊಗೆ ಹಾಕದಿದ್ದರೆ ಹಣ್ಣು ಕಪ್ಪಾಗುತ್ತದೆ. ಪ್ರೂನಿನ ಕೆಲಸ ಇನ್ನೂ ಕಷ್ಟದ್ದು. ಅದನ್ನು ಮರದಿಂದ ಕೀಳುವಂತಿಲ್ಲ. ಪೂರ್ತಿ ಹಣ್ಣಾಗಿ ತಾನಾಗಿಯೇ ಉದುರಬೇಕು. ಉದುರಿದ್ದನ್ನು ಆಗಸ್ಟ್, ಸೆಪ್ಟೆಂಬರಿನ ಬಿಸಿಲಲ್ಲಿ ಮೊಣಕಾಲೂರಿ, ಹೆಂಟೆಗಳ ನಡುವೆ ತೆವಳುತ್ತ ಬಕೆಟ್ಟಿಗೆ ಆರಿಸಬೇಕು. ಆಮೇಲೆ ಬಿಸಿ ಕ್ಷಾರದ ನೀರಿನಲ್ಲಿ ಅದ್ದಿ ಸಿಪ್ಪೆ ಬಿರಿಯುವಂತೆ ಮಾಡಿ ಒಣಗಿಸಬೇಕು. ಕಣಿವೆಯ ಎಷ್ಟೋ ಶಾಲೆಗಳು ಪ್ರೂನಿನ ಸುಗ್ಗಿ ಮುಗಿಯದೆ ತೆರೆಯುತ್ತಿರಲಿಲ್ಲ.

ಈ ಕೆಲಸಕ್ಕೆ ಕೈ ಕೊಟ್ಟವರಲ್ಲಿ ಚೀನೀಯರು, ಜಪಾನೀಯರು, ಇಟಲಿಯವರು, ಯುಗೊಸ್ಲಾವಿಯದ ಕಡೆಯವರು, ಮೆಕ್ಸಿಕನ್ನರು ಎಲ್ಲರೂ ಇದ್ದರು. ಎಲ್ಲರಿಗೂ ಜಮೀನು ಕೊಳ್ಳುವ ಹಕ್ಕು ಇರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿಯ ಒಡೆಯರಾಗಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು, 1920ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಗುರಿ ಜಪಾನೀಯರಾದರೂ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ ಮೇಲೆ ನಮ್ಮವರೂ ಅದೇ ಬಲೆಯಲ್ಲಿ ಬಿದ್ದರು. ರಾಜ್ಯದ ಸುಪ್ರೀಂ ಕೋರ್ಟು ಈ ಕಾನೂನನ್ನು ಬದಿಗೆ ಸರಿಸಿದ್ದು 1952ರಲ್ಲಿ, ಸಾರಾಟೋಗ ನಗರವಾಗುವ ನಾಲ್ಕು ವರ್ಷ ಮೊದಲು.

ಊರಿನ ಎರಡು ಪ್ರಸಿದ್ಧ ತಾಣಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದು, 1912ರಲ್ಲಿ ಜೇಮ್ಸ್ ಫೆಲನ್ ಕಟ್ಟಿಸಿದ ವಿಲ್ಲಾ ಮೊಂಟಾಲ್ವೊ. ಈತ ಸ್ಯಾನ್ ಫ್ರಾನ್ಸಿಸ್ಕೋದ ಮೇಯರಾಗಿದ್ದವನು, ಮುಂದೆ ಸೆನೆಟರಾದವನು; ಕ್ಯಾಲಿಫೋರ್ನಿಯಾ ಬಿಳಿಯರದೇ ಆಗಿರಲಿ ಎಂಬ ಘೋಷಣೆಯೊಂದಿಗೆ 1920ರ ಚುನಾವಣೆಗೆ ನಿಂತು ಸೋತವನು. ಇನ್ನೊಂದು, 1915ರಲ್ಲಿ ಇಸಾಬೆಲ್ ಸ್ಟೈನ್ ಎಂಬ ಶ್ರೀಮಂತ ಮಹಿಳೆ ಆರಂಭಿಸಿದ ಹಕೋನೆ ಎಂಬ ಜಪಾನೀ ಉದ್ಯಾನ. ಜಪಾನಿನ ತೋಟಗಾರಿಕೆ ಬೇಕಿತ್ತು, ಜಪಾನಿನ ತೋಟಗಾರ ಭೂಮಾಲೀಕನಾಗುವುದು ಬೇಕಿರಲಿಲ್ಲ. ತೋಟದ ಕಾಲದಲ್ಲೇ ಈ ತಪ್ಪಲು ಉಳ್ಳವರ ಕಣ್ಣಿಗೆ ಬಿದ್ದಿತ್ತು ಎಂಬುದಕ್ಕೂ ಇವು ಸಾಕ್ಷಿ.

ಹೆದರಿಕೆ

ಯುದ್ಧದ ನಂತರ ಕಣಿವೆಗೆ ಜನ ನುಗ್ಗಿದರು. ಕೌಂಟಿಯ ಜನಸಂಖ್ಯೆ 1940ರಲ್ಲಿ 1.75 ಲಕ್ಷ, 1950ರಲ್ಲಿ 2.9 ಲಕ್ಷ, 1960ರಲ್ಲಿ 6.4 ಲಕ್ಷ, 1970ರಲ್ಲಿ ಹತ್ತು ಲಕ್ಷ ದಾಟಿತು. ಸ್ಯಾನ್ ಹೋಸೆಯ ಆಡಳಿತ 1950ರಿಂದ 1969ರವರೆಗೆ ಡಚ್ ಹಾಮನ್ ಎಂಬ ಸಿಟಿ ಮ್ಯಾನೇಜರ್ ಕೈಯಲ್ಲಿತ್ತು. ಬೆಳೆಯದ ನಗರ ಕೊಳೆಯುತ್ತದೆ ಎಂದು ನಂಬಿದ್ದ ಆತನ ಕಾಲದಲ್ಲಿ ಸುಮಾರು 1,400 ಸಲ ಅಕ್ಕಪಕ್ಕದ ಭೂಮಿಯನ್ನು ನಗರಕ್ಕೆ ಸೇರಿಸಿಕೊಳ್ಳಲಾಯಿತು. 17 ಚದರ ಮೈಲಿ ಇದ್ದ ನಗರ 130 ಚದರ ಮೈಲಿಗೂ ಮಿಗಿಲಾಯಿತು. ಸೇರಿಸಿಕೊಳ್ಳುವ ಬಗೆಯೂ ಸ್ವಾರಸ್ಯದ್ದು. ಒಂದು ರಸ್ತೆಯನ್ನಷ್ಟೇ ಪಟ್ಟಿಯಂತೆ ನಗರಕ್ಕೆ ಸೇರಿಸಿಕೊಂಡು ಹೋಗಿ, ಅದರ ತುದಿಯಲ್ಲಿ ಮಾರಲು ತಯಾರಾದ ತೋಟಗಾರನೊಬ್ಬನನ್ನು ಹಿಡಿದರಾಯಿತು. ನಡುವಿನವರೆಲ್ಲ ನಗರದ ಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಒಳಚರಂಡಿ ಸಂಪರ್ಕ ಎಂಬ ಆಮಿಷ ಹೇಗೂ ಇತ್ತು.

ತಪ್ಪಿಸಿಕೊಳ್ಳಲು ಇದ್ದ ಗಟ್ಟಿ ದಾರಿ, ತಾನೇ ನಗರವಾಗಿಬಿಡುವುದು. ನಗರವಾದ ಊರನ್ನು ಇನ್ನೊಂದು ನಗರ ತುಂಡು ತುಂಡಾಗಿ ನುಂಗುವಂತಿಲ್ಲ. ಹಾಗಾಗಿ ಆ ಐದಾರು ವರ್ಷಗಳಲ್ಲಿ ಕಣಿವೆಯ ಪಶ್ಚಿಮ ಅಂಚಿನಲ್ಲಿ ಸಾಲು ಸಾಲಾಗಿ ನಗರಗಳು ಹುಟ್ಟಿದವು. ಕ್ಯಾಂಪ್‌ಬೆಲ್ ಮತ್ತು ಲಾಸ್ ಆಲ್ಟೋಸ್ 1952ರಲ್ಲಿ, ಕ್ಯೂಪರ್ಟಿನೊ 1955ರಲ್ಲಿ, ಲಾಸ್ ಆಲ್ಟೋಸ್ ಹಿಲ್ಸ್ ಮತ್ತು ಸಾರಾಟೋಗ 1956ರಲ್ಲಿ, ಮಾಂಟೆ ಸೆರೆನೊ 1957ರಲ್ಲಿ.

ಒಂದು ಎಕರೆಯ ಮದ್ದು

ಹೊಸ ನಗರದ ಕೈಗೆ ಬಂದ ನಿಜವಾದ ಅಧಿಕಾರ ಒಂದೇ: ಯಾವ ನೆಲದಲ್ಲಿ ಎಷ್ಟು ಮನೆ ಎಂದು ನಿರ್ಧರಿಸುವುದು. ಪೊಲೀಸ್ ಪಡೆಯನ್ನೂ ಅದು ಕಟ್ಟಿಕೊಳ್ಳಲಿಲ್ಲ. ಇಂದಿಗೂ ಕೌಂಟಿಯ ಶೆರಿಫ್ ಇಲಾಖೆಗೆ ಹಣ ಕೊಟ್ಟು ಆ ಕೆಲಸ ಮಾಡಿಸಿಕೊಳ್ಳುತ್ತದೆ. ವಲಯ ನಿಯಮ ಮಾತ್ರ ಕಟ್ಟುನಿಟ್ಟು. ಒಂಟಿ ಮನೆಗಳ ವಲಯದಲ್ಲಿ ನಿವೇಶನ ಕಡೇಪಕ್ಷ 10,000, 12,500, 15,000, 20,000 ಅಥವಾ 40,000 ಚದರ ಅಡಿ ಇರಬೇಕು, ಆಯಾ ವಲಯಕ್ಕೆ ತಕ್ಕಂತೆ. ಬೆಟ್ಟದ ಕಡೆ ಇನ್ನೂ ಹೆಚ್ಚು. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಹೇಳುವುದಾದರೆ, ಇಲ್ಲಿನ ಅತಿ ಚಿಕ್ಕ ನಿವೇಶನದಲ್ಲಿ ಅಂಥ ಎಂಟು ಸೈಟು ಹಿಡಿಸುತ್ತವೆ, ದೊಡ್ಡದರಲ್ಲಿ ಮೂವತ್ತಮೂರು. ದೊಡ್ಡದೆಂದರೆ ಸುಮಾರು ಮೂವತ್ತೇಳು ಗುಂಟೆ, ಒಂದು ಎಕರೆಗೆ ಮೂರು ಗುಂಟೆ ಕಡಿಮೆ.

ದೊಡ್ಡ ನಿವೇಶನ ಇಟ್ಟರೆ ಹಳ್ಳಿಯ ಕಳೆ ಉಳಿಯುತ್ತದೆ ಎಂಬುದು ಆಗಿನವರ ತರ್ಕ. ಕಳೆ ಉಳಿಯಿತು ಕೂಡ. ಆದರೆ ಬೇಸಾಯದ ಕಣ್ಣಿನಿಂದ ನೋಡಿದರೆ ಮೂವತ್ತೇಳು ಗುಂಟೆ ಪ್ರೂನ್ ತೋಟ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಇಪ್ಪತ್ತು ಅಡಿಗೊಂದು ಮರದಂತೆ ನೆಟ್ಟರೆ ಎಕರೆಗೆ ನೂರು ಚಿಲ್ಲರೆ ಮರ. ಅದರ ನಡುವೆ ಮನೆ, ಕಾರಿನ ದಾರಿ, ಈಜುಕೊಳ ಬಂದ ಮೇಲೆ ಉಳಿಯುವುದು ಹತ್ತಿಪ್ಪತ್ತು. ನಿಯಮ ಹೇಳಿದ್ದು ತೋಟ ಮಾರಬಾರದೆಂದಲ್ಲ. ಮಾರಿದ ತೋಟದಲ್ಲಿ ನಲವತ್ತರ ಬದಲು ಹತ್ತು ಮನೆ ಏಳಲಿ ಎಂದು. ತೋಟದ ಪಾಲಿಗೆ ಎರಡೂ ಒಂದೇ. ಆ ಹತ್ತು ಮನೆಗಳನ್ನು ಕೊಳ್ಳಬಲ್ಲವರು ಯಾರು ಎಂಬುದನ್ನು ಮಾತ್ರ ನಿಯಮ ಬದಲಿಸಿತು.

ಬೇರೆ ದಾರಿ ಇರಲಿಲ್ಲವೆ? ಇತ್ತು. ಕೌಂಟಿಯ ಯೋಜನಾ ನಿರ್ದೇಶಕ ಕಾರ್ಲ್ ಬೆಲ್ಸರ್ ಮತ್ತು ಕೆಲವು ಬೆಳೆಗಾರರು ಸೇರಿ 1953ರಲ್ಲಿ ಕೃಷಿಗೆ ಮಾತ್ರ ಮೀಸಲಾದ ವಲಯವೊಂದನ್ನು ಜಾರಿಗೆ ತಂದಿದ್ದರು. ಅಂಥ ವಲಯದ ಭೂಮಿಯನ್ನು ಒಡೆಯನ ಒಪ್ಪಿಗೆಯಿಲ್ಲದೆ ನಗರಕ್ಕೆ ಸೇರಿಸಿಕೊಳ್ಳುವಂತಿಲ್ಲವೆಂದು 1955ರಲ್ಲಿ ರಾಜ್ಯವೂ ಕಾನೂನು ಮಾಡಿತು. ದೇಶದಲ್ಲೇ ಮೊದಮೊದಲ ಪ್ರಯೋಗಗಳಲ್ಲಿ ಒಂದು. ಅದರ ಬಲಹೀನತೆ ಅದು ಐಚ್ಛಿಕವಾಗಿದ್ದದ್ದು. ಒಳಗೆ ಬಂದ ರೈತ, ಬೆಲೆ ಏರಿದ ದಿನ ಹೊರಗೆ ಹೋಗುತ್ತೇನೆ ಎಂದರೆ ತಡೆಯುವ ಇಚ್ಛೆ ಯಾರಿಗೂ ಇರಲಿಲ್ಲ. ಸಾರಾಟೋಗ ನಗರವಾದ ಮೇಲಂತೂ ತೀರ್ಮಾನ ಕೌಂಟಿಯಿಂದ ನಗರಸಭೆಗೆ ಬಂತು. ಪ್ರತಿ ಬಡಾವಣೆಯೊಂದಿಗೆ ಮನೆಯೊಡೆಯರ ಮತ ಹೆಚ್ಚಿತು, ತೋಟಗಾರರ ಮತ ಕರಗಿತು. ಮನೆಯೊಡೆಯನಿಗೆ ಪಕ್ಕದಲ್ಲಿ ತೋಟ ಬೇಕು ನಿಜ, ಆದರೆ ನಸುಕಿನಲ್ಲಿ ಗುಡುಗುಡು ಎನ್ನುವ ಟ್ರಾಕ್ಟರು, ಔಷಧಿ ಸಿಂಪಡಣೆ, ಗಂಧಕದ ಹೊಗೆ ಬೇಡ.

ಕಂದಾಯ ಉಳಿದ ಕೆಲಸ ಮುಗಿಸಿತು. ಕ್ಯಾಲಿಫೋರ್ನಿಯಾದಲ್ಲಿ ಭೂಮಿಯ ತೆರಿಗೆ ಬೆಳೆಯ ಆದಾಯವನ್ನು ನೋಡುತ್ತಿರಲಿಲ್ಲ, ಆ ಭೂಮಿ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋದೀತು ಎಂಬುದನ್ನು ನೋಡುತ್ತಿತ್ತು. ಪಕ್ಕದ ತೋಟ ಬಡಾವಣೆಯಾದೊಡನೆ ಈ ತೋಟದ ಮೌಲ್ಯವೂ ಏರಿತು. ಬಡಾವಣೆಗೆ ಬಂದ ಮಕ್ಕಳಿಗೆ ಶಾಲೆ ಬೇಕು. ಶಾಲೆಗೆ ಎತ್ತಿದ ಸಾಲ ತೀರುವುದೂ ಭೂ ತೆರಿಗೆಯಿಂದಲೇ. ಹದಿನೈದು ಎಕರೆಯ ತೋಟಗಾರ ಹದಿನೈದು ಎಕರೆಯ ಪಾಲು ಕಟ್ಟಬೇಕು, ಮಕ್ಕಳು ಯಾರದೋ. ಕೃಷಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟವರಿಗೆ ಬೆಳೆಯ ಆದಾಯದ ಮೇಲೆ ತೆರಿಗೆ ಹಾಕುವ ವಿಲಿಯಮ್ಸನ್ ಕಾಯ್ದೆ ಬಂದದ್ದು 1965ರಲ್ಲಿ. ಅಷ್ಟರಲ್ಲಿ ಬೆಲೆ ಎಲ್ಲಿಗೆ ಮುಟ್ಟಿತ್ತೆಂದರೆ, ಕರಾರಿಗೆ ಸಹಿ ಹಾಕುವುದಕ್ಕಿಂತ ಮಾರಿ ಸ್ಯಾಕ್ರಮೆಂಟೊ ಕಣಿವೆಯಲ್ಲಿ ದುಪ್ಪಟ್ಟು ಜಮೀನು ಕೊಳ್ಳುವುದೇ ಲಾಭ. ಪ್ರೂನ್ ಬೆಳೆ ಹೆಚ್ಚಿನಂಶ ಆ ಕಡೆಗೇ ಸರಿಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಬಡಾವಣೆಯ ಕಥೆ ಎಂದರೆ ಭೂಸ್ವಾಧೀನ, ಅಧಿಸೂಚನೆ, ಪರಿಹಾರಕ್ಕಾಗಿ ಅಲೆದಾಟ. ಆ ಕಣ್ಣಿನಿಂದ ಸಾರಾಟೋಗದ ತೋಟಗಾರನನ್ನು ನೋಡಿ ಮರುಗಬೇಕಾಗಿಲ್ಲ. ಅವನು ಒಳ್ಳೆಯ ಬೆಲೆಗೆ, ತನ್ನಿಷ್ಟದಂತೆ ಮಾರಿದ. ನಷ್ಟವಾದದ್ದು ಚಪ್ಪರದಲ್ಲಿ ಹಣ್ಣು ಹೋಳು ಮಾಡುತ್ತಿದ್ದವರಿಗೆ. ಅವರಿಗೆ ಕೆಲಸವೂ ಹೋಯಿತು, ಅದೇ ಊರಿನಲ್ಲಿ ಮನೆ ಮಾಡುವ ದಾರಿಯೂ ಮುಚ್ಚಿತು. ಬಾಡಿಗೆ ಮನೆಗಳ ಸಾಲು, ಸಣ್ಣ ಸೈಟು, ಮೇಲೊಂದು ಕೆಳಗೊಂದು ವಾಸದ ಮನೆ, ಕೂಲಿಕಾರನೊಬ್ಬ ನೆಲೆ ನಿಲ್ಲಲು ಬೇಕಾದ ಯಾವುದಕ್ಕೂ ವಲಯ ನಿಯಮದಲ್ಲಿ ಹೆಚ್ಚು ಜಾಗವಿರಲಿಲ್ಲ. 1913ರ ಕಾನೂನು ಜನಾಂಗ ನೋಡಿ ಹೊರಗಿಟ್ಟಿತ್ತು. 1956ರ ನಂತರದ ನಿಯಮ ಯಾರ ಹೆಸರನ್ನೂ ಎತ್ತಲಿಲ್ಲ. ಅದಕ್ಕೇ ಅದು ಹೆಚ್ಚು ಕಾಲ ಬಾಳಿತು.

ನಿಂತ ನೀರು

ಸಾರಾಟೋಗದ ಜನಸಂಖ್ಯೆ 1960ರಲ್ಲಿ ಹದಿನೈದು ಸಾವಿರದ ಆಸುಪಾಸಿನಲ್ಲಿತ್ತು, 1980ರಲ್ಲಿ ಇಪ್ಪತ್ತೊಂಬತ್ತು ಸಾವಿರ ದಾಟಿತು. 2010ರಲ್ಲಿ? ಇನ್ನೂ ಮೂವತ್ತು ಸಾವಿರ ಮುಟ್ಟಿರಲಿಲ್ಲ. ಆಪಲ್, ಇಂಟೆಲ್, ಗೂಗಲ್‌ಗಳ ಕಾಲವಿಡೀ, ಕೌಂಟಿ ಹದಿಮೂರು ಲಕ್ಷದಿಂದ ಹದಿನೆಂಟು ಲಕ್ಷದ ಹತ್ತಿರಕ್ಕೆ ಬೆಳೆಯುತ್ತಿದ್ದಾಗ, ಈ ಊರು ಇದ್ದಲ್ಲೇ ಇತ್ತು. ನೆರೆಯ ಕ್ಯೂಪರ್ಟಿನೊ ಕೂಡ ತೋಟದ ಊರೇ, ಅದೇ ಹೆದರಿಕೆಯಿಂದ ನಗರವಾದದ್ದೇ. ಆದರೆ ಅದು ಕಚೇರಿಗಳಿಗೆ ಬಾಗಿಲು ತೆರೆಯಿತು. ಆಪಲ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ. ಸಾರಾಟೋಗ ಸಂಬಳವನ್ನು ಒಳಗೆ ಬಿಟ್ಟುಕೊಂಡಿತು, ಕಾರ್ಖಾನೆ ಮತ್ತು ಕಚೇರಿಗಳನ್ನು ಪಕ್ಕದ ಊರುಗಳಿಗೆ ಬಿಟ್ಟಿತು. ಜಾಣತನವೇ ಸರಿ.

ರಾಜ್ಯದ ಮತದಾರರು 1978ರಲ್ಲಿ ಜನಮತದಿಂದ ಒಪ್ಪಿದ ಪ್ರೊಪೊಸಿಷನ್ 13 ಎಂಬ ತೆರಿಗೆ ನಿಯಮ ಈ ಸ್ಥಿತಿಗೆ ಬೀಗ ಹಾಕಿತು. ಆಸ್ತಿ ತೆರಿಗೆ ಮೌಲ್ಯದ ಶೇಕಡಾ ಒಂದಕ್ಕೆ ಸೀಮಿತ, ಆ ಮೌಲ್ಯವೂ ಮನೆ ಕೈಬದಲಾಗುವವರೆಗೆ ವರ್ಷಕ್ಕೆ ಶೇಕಡಾ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. 1970ರ ದಶಕದಲ್ಲಿ ಕೊಂಡವರು ಮಕ್ಕಳು ಹೊರಟುಹೋದರೂ ನಾಲ್ಕು ಕೋಣೆಯ ಮನೆಯಲ್ಲೇ ಉಳಿದರು. ಹೊರಟು ಬೇರೆ ಮನೆ ಕೊಂಡರೆ ತೆರಿಗೆ ಹಲವು ಪಟ್ಟಾಗಬಹುದಿತ್ತು. ಇದೇ ರಕ್ಷಣೆ ಇಪ್ಪತ್ತು ವರ್ಷ ಮೊದಲು ಬಂದಿದ್ದರೆ ಕೆಲವು ತೋಟಗಳಾದರೂ ಉಳಿಯುತ್ತಿದ್ದವೇನೋ. 1996ರಲ್ಲಿ ಊರಿನ ಮತದಾರರು ಇನ್ನೊಂದು ಅಗುಳಿ ಸೇರಿಸಿದರು. ವಸತಿ ಮತ್ತು ಬಯಲು ಪ್ರದೇಶಗಳ ಬಳಕೆಯನ್ನು ಇನ್ನಷ್ಟು ದಟ್ಟಗೊಳಿಸಬೇಕಾದರೆ ಜನಮತವೇ ಆಗಬೇಕು ಎಂದು.

ಈ ನಡುವೆ ಒಳಗಿನ ಜನ ಬದಲಾದರು. 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಬಂದ ಎಂಜಿನಿಯರುಗಳು, ಒಳ್ಳೆಯ ಸರ್ಕಾರಿ ಶಾಲೆಗಳನ್ನು ಹುಡುಕುತ್ತ ಇಲ್ಲಿಗೆ ಮುಟ್ಟಿದರು. 2010ರ ಜನಗಣತಿಯಲ್ಲಿ ಊರಿನ ಶೇಕಡಾ 41ರಷ್ಟು ಮಂದಿ ಏಷ್ಯಾ ಮೂಲದವರು: ಚೀನಾ, ತೈವಾನ್, ಭಾರತದ ಕಡೆಯವರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಸುತ್ತಲ ಊರುಗಳಿಂದ ಸೇರುವವರಲ್ಲಿ ಇಲ್ಲಿಯವರೂ ಇದ್ದಾರೆ. ನೂರು ವರ್ಷದ ಕೆಳಗೆ ಇದೇ ಮಣ್ಣನ್ನು ಕೊಳ್ಳಲು ಅನರ್ಹರಾಗಿದ್ದವರು ಈಗ ಅದರ ಒಡೆಯರು. ಇದು ಸಂತೋಷದ ಸಂಗತಿಯೇ. ಆದರೆ ಅಪಾರ್ಟ್‌ಮೆಂಟ್ ಬೇಡ, ಊರಿನ ಸ್ವರೂಪ ಕೆಡುತ್ತದೆ, ಶಾಲೆ ತುಂಬುತ್ತದೆ ಎನ್ನುವ ದನಿಗಳಲ್ಲಿ ನಮ್ಮವರ ದನಿಯೂ ಕೇಳುತ್ತದೆ. ಸೇರಲು ಅಷ್ಟು ಬೆಲೆ ತೆತ್ತವರಿಗೆ ಬಾಗಿಲು ಹಾಕುವ ಆಸೆ ಹೆಚ್ಚು. ಅದರಲ್ಲಿ ಜಾತಿ, ದೇಶ ಎಂಬ ಭೇದವಿಲ್ಲ.

ಹದಿನಾಲ್ಕು ಎಕರೆ

ನಗರ ಗ್ರಂಥಾಲಯದ ಮಗ್ಗುಲಿಗೆ ಸುಮಾರು ಹದಿನಾಲ್ಕು ಎಕರೆಯ ತೋಟವೊಂದು ಉಳಿದಿದೆ. ಪಾರಂಪರಿಕ ತೋಟ ಎಂದು ಅದಕ್ಕೆ ಹೆಸರು. ನಗರಸಭೆಯದೇ ಸ್ವತ್ತು. ಪ್ರೂನ್, ಏಪ್ರಿಕಾಟ್, ಚೆರಿ ಮರಗಳಿವೆ. ಫೆಬ್ರವರಿಯಲ್ಲಿ ಸಾಲುಗಳ ನಡುವೆ ಹಳದಿ ಸಾಸಿವೆ ಹೂ, ಅದರ ಹಿಂದೆಯೇ ಮರದಲ್ಲಿ ಬಿಳಿ ಹೂ. ಸತ್ತ ಮರದ ಜಾಗದಲ್ಲಿ ಸಸಿ ನೆಡುತ್ತಾರೆ, ಹಣ್ಣನ್ನು ಕೊಯ್ಯುತ್ತಾರೆ. ಆದರೆ ಅದರ ಖರ್ಚು ನಡೆಯುವುದು ಹಣ್ಣಿನಿಂದಲ್ಲ, ನಗರದ ಬೊಕ್ಕಸದಿಂದ. ಊರಿನಲ್ಲಿ ಭೂಮಿಗಿರುವ ಬೆಲೆಯಲ್ಲಿ ಈ ಹದಿನಾಲ್ಕು ಎಕರೆ ಏನು ಬಾಳೀತು ಎಂದು ಲೆಕ್ಕ ಹಾಕಿದರೆ, ಇಲ್ಲಿನ ಒಂದೊಂದು ಪ್ರೂನ್ ಮರದಡಿ ಲಕ್ಷಗಟ್ಟಲೆ ರೂಪಾಯಿ ಹೂತಿದೆ. ತೋಟ ಉಳಿಸುವ ನಿಜವಾದ ಉಪಾಯ ಇದೇ ಆಗಿತ್ತು: ಊರೇ ಕೊಂಡುಕೊಂಡು, ಊರೇ ಸಾಕುವುದು. 1956ರಲ್ಲಿ ಎಕರೆಗೆ ತೆರಬೇಕಿದ್ದ ಬೆಲೆಯಲ್ಲಿ ಇನ್ನೂರು ಎಕರೆ ಕೊಳ್ಳುವುದು ಅಸಾಧ್ಯವೇನೂ ಆಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆಗ ಪುಕ್ಕಟೆ ಸಿಗುವ ವಲಯ ನಿಯಮ ಕೈಯಲ್ಲಿದ್ದುದರಿಂದ ಯಾರೂ ಥೈಲಿ ಬಿಚ್ಚಲಿಲ್ಲ.

ಉಳಿದ ತೋಟಗಳ ಗುರುತು ಹಿತ್ತಲುಗಳಲ್ಲಿ ಇದೆ. ಒಂದು ಮನೆಯ ಹಿಂದೆ ಎರಡು ಮುದಿ ಏಪ್ರಿಕಾಟ್ ಮರ, ಬೇಲಿಯಾಚೆ ಪಕ್ಕದವರ ಹಿತ್ತಲಲ್ಲಿ ಅದೇ ನೇರಕ್ಕೆ, ಅದೇ ಇಪ್ಪತ್ತು ಅಡಿಗೆ ಇನ್ನೊಂದು.

ಈಗ ಒತ್ತಡ ಬಂದಿರುವುದು ರಾಜ್ಯದಿಂದ. 2023ರಿಂದ 2031ರ ನಡುವೆ 1,712 ಹೊಸ ಮನೆಗಳಿಗೆ ಜಾಗ ತೋರಿಸಬೇಕೆಂದು ಸಾರಾಟೋಗಕ್ಕೆ ಪಾಲು ಹಾಕಲಾಗಿದೆ; ಹಿಂದಿನ ಎಂಟು ವರ್ಷದ ಪಾಲು 439 ಇತ್ತು. ಹೀಗೆ ಜಾಗ ತೋರಿಸುವ ಯೋಜನೆಯನ್ನು ಕಾಲಕ್ಕೆ ಸರಿಯಾಗಿ ರಾಜ್ಯಕ್ಕೆ ಒಪ್ಪಿಸದ ಊರುಗಳಲ್ಲಿ, ಒಂದು ಪಾಲು ಮನೆಗಳನ್ನು ಕಡಿಮೆ ಆದಾಯದವರಿಗೆ ಮೀಸಲಿಡುವ ಬಿಲ್ಡರ್ ವಲಯ ನಿಯಮವನ್ನೇ ಪಕ್ಕಕ್ಕಿಟ್ಟು ಅರ್ಜಿ ಹಾಕಬಹುದು. ಜೊತೆಗೆ 2022ರ ಜನವರಿಯಿಂದ ಜಾರಿಯಲ್ಲಿರುವ ಎಸ್‌ಬಿ 9 ಎಂಬ ಕಾನೂನು ಒಂಟಿ ಮನೆಯ ನಿವೇಶನವನ್ನು ಎರಡಾಗಿ ಸೀಳಿ, ಒಂದೊಂದರಲ್ಲೂ ಎರಡು ಮನೆ ಕಟ್ಟಲು ಅವಕಾಶ ಕೊಡುತ್ತದೆ. ಸೀಳಿದ ತುಂಡು ಎಷ್ಟು ಚಿಕ್ಕದಿರಬಹುದು ಎಂದರೆ 1,200 ಚದರ ಅಡಿ. ಸರಿಯಾಗಿ ನಮ್ಮ ಮೂವತ್ತು ನಲವತ್ತು!

ಆದರೆ ಓದಬೇಕಾದದ್ದು ಅದರ ಪಕ್ಕದ ಷರತ್ತನ್ನು. ಎರಡು ತುಂಡುಗಳಲ್ಲಿ ಯಾವುದೂ ಮೂಲ ನಿವೇಶನದ ಶೇಕಡಾ 40ಕ್ಕಿಂತ ಚಿಕ್ಕದಿರಬಾರದು, ಒಮ್ಮೆ ಸೀಳಿದ್ದನ್ನು ಮತ್ತೆ ಇದೇ ಕಾನೂನಿನಡಿ ಸೀಳುವಂತಿಲ್ಲ, ಅರ್ಜಿದಾರ ಮೂರು ವರ್ಷ ಅಲ್ಲೇ ವಾಸ ಮಾಡುವ ಇರಾದೆ ಇದೆಯೆಂದು ಬರೆದುಕೊಡಬೇಕು. ಅಂದರೆ 40,000 ಚದರ ಅಡಿಯ ನಿವೇಶನದಿಂದ ಅತಿ ಚಿಕ್ಕದೆಂದರೂ 16,000 ಚದರ ಅಡಿಯ ತುಂಡು ಹೊರಡುತ್ತದೆ. ಅದರ ಬೆಲೆಯೂ ಶಾಲೆಯ ಮೇಷ್ಟರ ಕೈಗೆ ಎಟುಕುವಂಥದ್ದಲ್ಲ. ಹೀಗಾಗಿ ಹೊಸ ಮನೆಗಳ ಭಾರ ಬೀಳುತ್ತಿರುವುದು ಹಳೆಯ ಅಂಗಡಿ ಸಂಕೀರ್ಣಗಳ ಮೇಲೆ, ದೊಡ್ಡ ರಸ್ತೆಗಳ ಬದಿಯ ಮೂಲೆಗಳ ಮೇಲೆ. ಮಹಡಿ ಮನೆಗಳೇನಾದರೂ ಎದ್ದರೆ ಅಲ್ಲಿ ಏಳುತ್ತವೆ. ಎಕರೆಯ ಮನೆಗಳಿರುವ ಒಳರಸ್ತೆಗಳಿಗೆ ನಗರದ ಯೋಜನೆ ಹೆಚ್ಚಾಗಿ ಕೈ ಹಾಕಿಲ್ಲ.